ಬಿಟ್‌ಕಾಯಿನ್ ತಂತ್ರಾಂಶದ ಒಳಗೋಡೆಗಳು: ಬರೆಯದೆ ಉಳಿದ ನಿಯಮಗಳ ಬೆಲೆ

ಗಲ್ಲಾದ ಮೇಲೆ ಕುಳಿತವರೇ ಲೆಕ್ಕದ ಪುಸ್ತಕವನ್ನೂ ಬರೆಯಬಾರದೆಂಬ ಪದ್ಧತಿ ವ್ಯಾಪಾರದ ಮನೆಗಳಲ್ಲಿ ಬಹಳ ಹಿಂದಿನದು. ಹಣ ಎಣಿಸುವ ಕೈ ಮತ್ತು ಖಾತೆ ಬರೆಯುವ ಕೈ ಬೇರೆಯಾಗಿದ್ದರೆ ಒಂದರ ತಪ್ಪು ಇನ್ನೊಂದರಲ್ಲಿ ಸಿಕ್ಕಿಬೀಳುತ್ತದೆ. ಇಂದು ಗಲ್ಲಾ, ಖಾತೆ, ಗೋದಾಮಿನ ದಾಸ್ತಾನು ಇವೆಲ್ಲವೂ ಗಣಕಯಂತ್ರದೊಳಗೆ ಸೇರಿವೆ. ಹಾಗಿರುವಾಗ ತಂತ್ರಾಂಶದ ಒಳಗೂ ಇಂಥ ಬೇರ್ಪಡೆ ಇದೆಯೇ, ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಒಂದು ಉದಾಹರಣೆಯ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಉದಾಹರಣೆಗೆ ಬಿಟ್‌ಕಾಯಿನ್ ಕೋರ್ ಎಂಬ ತಂತ್ರಾಂಶವನ್ನು ಆರಿಸಿಕೊಳ್ಳಲಾಗಿದೆ. ಅದರ ಮೂಲ ಸಂಕೇತವು ಸಾರ್ವಜನಿಕವಾಗಿದ್ದು, ತಪ್ಪಾದಾಗ ಏನು ತಪ್ಪಾಯಿತೆಂಬ ವರದಿಯೂ ಸಾರ್ವಜನಿಕವಾಗಿರುವುದೇ ಇದಕ್ಕೆ ಕಾರಣ. ನಾವು ಬಳಸುವ ಬಿಲ್ಲಿಂಗ್ ತಂತ್ರಾಂಶಗಳ ಒಳಗುಟ್ಟು ನಮಗೆ ಹೀಗೆ ಕಾಣಸಿಗುವುದಿಲ್ಲ. ಕ್ರಿಪ್ಟೋ ಕರೆನ್ಸಿಯಲ್ಲಿ ಹಣ ತೊಡಗಿಸಿರೆಂದು ಸದಸ್ಯರಿಗೆ ಹೇಳುವ ಉದ್ದೇಶ ಖಂಡಿತ ಇಲ್ಲ. ರಿಸರ್ವ್ ಬ್ಯಾಂಕು 2018ರ ಏಪ್ರಿಲ್‌ನಲ್ಲಿ ಬ್ಯಾಂಕುಗಳ ಮೇಲೆ ವಿಧಿಸಿದ್ದ ನಿರ್ಬಂಧವನ್ನು ಸರ್ವೋಚ್ಚ ನ್ಯಾಯಾಲಯವು 2020ರ ಮಾರ್ಚ್ 4ರಂದು ರದ್ದುಪಡಿಸಿತು; 2022ರ ಏಪ್ರಿಲ್ 1ರಿಂದ ಇಂಥ ಆಸ್ತಿಯ ಲಾಭಕ್ಕೆ ಶೇ. 30ರ ತೆರಿಗೆ ಬಂದಿತು. ಆ ಚರ್ಚೆಯನ್ನು ಅಲ್ಲಿಗೇ ಬಿಟ್ಟು ಯಂತ್ರರಚನೆಯತ್ತ ಬರೋಣ.

ಒಂದೇ ಸೂರಿನಡಿ ಎಲ್ಲ ಕಸುಬು

ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ 2008ರ ಅಕ್ಟೋಬರ್ 31ರಂದು ಬಿಟ್‌ಕಾಯಿನ್ ಕುರಿತ ಪ್ರಬಂಧವು ಪ್ರಕಟವಾಯಿತು. 2009ರ ಜನವರಿಯಲ್ಲಿ ಮೊದಲ ತಂತ್ರಾಂಶ ಹೊರಬಂದಿತು. ಅದು ಮಾಡುತ್ತಿದ್ದ ಕೆಲಸಗಳನ್ನು ನಾಲ್ಕಾಗಿ ವಿಂಗಡಿಸಬಹುದು. ಜಗತ್ತಿನ ಇತರ ಗಣಕಗಳೊಡನೆ ಮಾತನಾಡಿ, ಬಂದ ವ್ಯವಹಾರಗಳನ್ನು ಪರೀಕ್ಷಿಸಿ, ಸಾರ್ವಜನಿಕ ಕಿರ್ದಿಯ ಪ್ರತಿಯೊಂದನ್ನು ಇಟ್ಟುಕೊಳ್ಳುವುದು ಮೊದಲನೆಯದು. ಈ ಭಾಗಕ್ಕೆ ನೋಡ್ ಎಂದು ಹೆಸರು. ಹಣ ಖರ್ಚು ಮಾಡಲು ಬೇಕಾದ ಗುಪ್ತ ಕೀಲಿಗಳನ್ನು ಕಾಯ್ದಿಟ್ಟುಕೊಂಡು ಸಹಿ ಹಾಕುವುದು ಎರಡನೆಯದು, ಇದು ವಾಲೆಟ್. ಪರದೆಯ ಮೇಲೆ ಗುಂಡಿ, ಪಟ್ಟಿಗಳನ್ನು ತೋರಿಸುವುದು ಮೂರನೆಯದು. ಕಿರ್ದಿಗೆ ಹೊಸ ಪುಟ ಸೇರಿಸುವ ಪೈಪೋಟಿಯಾದ ಮೈನಿಂಗ್ ನಾಲ್ಕನೆಯದು. ಸರಾಸರಿ ಹತ್ತು ನಿಮಿಷಕ್ಕೊಮ್ಮೆ ಸೇರುವ ಈ ಪುಟಕ್ಕೆ ಬ್ಲಾಕ್ ಎನ್ನುತ್ತಾರೆ.

ಈ ನಾಲ್ಕೂ ಕೆಲಸಗಳು ಒಂದೇ ಪ್ರೋಗ್ರಾಮಿನೊಳಗೆ ಹೆಣೆದುಕೊಂಡಿದ್ದವು. ಒಬ್ಬರೇ ಬರೆದ ಪ್ರಾಯೋಗಿಕ ತಂತ್ರಾಂಶದಲ್ಲಿ ಇದು ದೋಷವೇನಲ್ಲ. ಹೊಸದಾಗಿ ಅಂಗಡಿ ತೆರೆದವರು ತಾವೇ ಸರಕು ತೂಗಿ, ತಾವೇ ಹಣ ಪಡೆದು, ತಾವೇ ಲೆಕ್ಕ ಬರೆಯುವಂತೆ ಅದು. ವ್ಯಾಪಾರ ಬೆಳೆದ ಮೇಲೂ ಹಾಗೆಯೇ ಮುಂದುವರಿದಾಗ ತೊಂದರೆ ಆರಂಭವಾಗುತ್ತದೆ. ಇಲ್ಲಿಯೂ ‘ಮೇನ್’ ಎಂಬ ಒಂದೇ ಕಡತದಲ್ಲಿ ಹಣದ ನಿಯಮಗಳೂ ಜಾಲದ ಸಂದೇಶಗಳೂ ವರ್ಷಗಟ್ಟಲೆ ಒಟ್ಟಿಗೇ ಬೆಳೆದವು. ಆ ಕಡತವನ್ನು ನಿಯಮ ಪರೀಕ್ಷೆಯ ಭಾಗ ಮತ್ತು ಜಾಲ ವ್ಯವಹಾರದ ಭಾಗ ಎಂದು ಎರಡು ಮಾಡಿದ್ದು 2016ರ ಕೊನೆಯಲ್ಲಿ. ಅಷ್ಟರೊಳಗೆ ಸಾಕಷ್ಟು ಬೆಲೆ ತೆತ್ತಾಗಿತ್ತು.

2013ರ ಮಾರ್ಚ್: ಬೀಗಗಳ ಲೆಕ್ಕ ತಪ್ಪಿದ ರಾತ್ರಿ

ಈ ಘಟನೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಏಕೆಂದರೆ ಇಡೀ ವಿಷಯದ ತಿರುಳು ಇದರಲ್ಲಿಯೇ ಇದೆ.

ಮೊದಲಿನ ಆವೃತ್ತಿಗಳು ಕಿರ್ದಿಯ ಸೂಚಿಯನ್ನು ಬರ್ಕ್ಲಿ ಡಿಬಿ ಎಂಬ ಸಿದ್ಧ ದತ್ತಸಂಚಯದಲ್ಲಿ ಇಡುತ್ತಿದ್ದವು. ವೇಗ ಸಾಲದೆಂಬ ಕಾರಣಕ್ಕೆ 2013ರ ಫೆಬ್ರವರಿಯಲ್ಲಿ ಬಂದ 0.8 ಆವೃತ್ತಿಯಲ್ಲಿ ಅದನ್ನು ಬಿಟ್ಟು ಲೆವೆಲ್‌ಡಿಬಿ ಎಂಬ ಬೇರೆ ದತ್ತಸಂಚಯವನ್ನು ಅಳವಡಿಸಲಾಯಿತು. ಹಣದ ನಿಯಮಗಳಲ್ಲಿ ಒಂದಕ್ಷರವೂ ಬದಲಾಗಲಿಲ್ಲವೆಂದು ಎಲ್ಲರೂ ನಂಬಿದ್ದರು. ಕಾಗದದ ಪುಸ್ತಕದಿಂದ ರಟ್ಟಿನ ಕಡತಕ್ಕೆ ಬದಲಾಯಿಸಿದರೆ ಬಾಕಿ ಮೊತ್ತ ಬದಲಾಗುತ್ತದೆಯೇ?

ಬದಲಾಯಿತು. ಬರ್ಕ್ಲಿ ಡಿಬಿಯು ಒಂದು ಪುಟವನ್ನು ತಿದ್ದುವಾಗ ಬೇರೆಯವರು ಮುಟ್ಟದಂತೆ ಅದಕ್ಕೆ ಬೀಗ ಹಾಕುತ್ತದೆ. ಏಕಕಾಲಕ್ಕೆ ಎಷ್ಟು ಬೀಗಗಳಿರಬಹುದೆಂಬುದಕ್ಕೆ ಒಂದು ಮಿತಿ ಇತ್ತು. ಅದನ್ನು 10,000 ಎಂದು ಇಟ್ಟಿದ್ದರು. 2013ರ ಮಾರ್ಚ್ 11 ಮತ್ತು 12ರ ನಡುವಿನ ರಾತ್ರಿ 225430ನೆಯ ಬ್ಲಾಕ್ ಬಂದಿತು. ಅದುವರೆಗೆ ಕಂಡಿರದಷ್ಟು ಜಮಾ ಉಲ್ಲೇಖಗಳು ಅದರಲ್ಲಿದ್ದವು. ಹೊಸ ಆವೃತ್ತಿಯ ಗಣಕಗಳು ಅದನ್ನು ಸಲೀಸಾಗಿ ಸ್ವೀಕರಿಸಿದವು. ಹಳೆಯ ಆವೃತ್ತಿಯ ಅನೇಕ ಗಣಕಗಳಲ್ಲಿ ಬೀಗಗಳು ಮುಗಿದುಹೋದವು. ‘ಬೀಗ ಸಾಲದು’ ಎಂದು ಅರ್ಥೈಸಬೇಕಾಗಿದ್ದ ಸ್ಥಿತಿಯನ್ನು ಅವು ‘ಈ ಬ್ಲಾಕ್ ಅಸಿಂಧು’ ಎಂದು ಅರ್ಥೈಸಿ ತಿರಸ್ಕರಿಸಿದವು. ಕ್ಷಣದಲ್ಲಿ ಜಗತ್ತಿನ ಒಂದೇ ಕಿರ್ದಿ ಎರಡು ಕವಲಾಯಿತು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸೂಕ್ಷ್ಮವಿದೆ. ಒಂದು ಬ್ಲಾಕಿಗೆ ಎಷ್ಟು ಬೀಗ ಬೇಕೆಂಬುದು ಆ ಗಣಕದ ದತ್ತಸಂಚಯದಲ್ಲಿ ಪುಟಗಳು ಹೇಗೆ ಜೋಡಣೆಯಾಗಿವೆ ಎಂಬುದನ್ನು ಅವಲಂಬಿಸಿತ್ತು. ಅಂದರೆ ಒಂದೇ ಆವೃತ್ತಿ ನಡೆಸುತ್ತಿದ್ದ ಎರಡು ಹಳೆಯ ಗಣಕಗಳೂ ಪರಸ್ಪರ ಒಪ್ಪುವ ಖಾತ್ರಿ ಇರಲಿಲ್ಲ. ಹಣ ಸಿಂಧುವೋ ಅಲ್ಲವೋ ಎಂಬ ತೀರ್ಮಾನದಲ್ಲಿ ಯಾರೂ ಬರೆಯದ, ಯಾರೂ ಒಪ್ಪದ ನಿಯಮವೊಂದು ನಾಲ್ಕು ವರ್ಷಗಳಿಂದ ಸದ್ದಿಲ್ಲದೆ ಕುಳಿತಿತ್ತು.

ಆ ರಾತ್ರಿ ಕೈಗೊಂಡ ನಿರ್ಧಾರ ವ್ಯಾಪಾರಿಗಳಿಗೆ ಆಸಕ್ತಿಕರವಾದುದು. ಮೈನಿಂಗ್ ಬಲದ ಹೆಚ್ಚಿನ ಪಾಲು ಹೊಸ ಆವೃತ್ತಿಯ ಕಡೆಗಿದ್ದರೂ ಹಳೆಯ ಆವೃತ್ತಿಗೆ ಹಿಂದಿರುಗಬೇಕೆಂದು ಅಭಿವೃದ್ಧಿಕಾರರು ಮೈನರ್‌ಗಳನ್ನು ಕೋರಿದರು. ಹೊಸ ಆವೃತ್ತಿಯು ಎರಡೂ ಕವಲುಗಳನ್ನು ಒಪ್ಪಬಲ್ಲದು, ಹಳೆಯದು ಒಂದನ್ನು ಮಾತ್ರ. ಆದ್ದರಿಂದ ಹಳೆಯ ಕವಲು ಉದ್ದವಾದರೆ ಮಾತ್ರ ಎಲ್ಲರೂ ಮತ್ತೆ ಒಂದಾಗುತ್ತಾರೆ ಎಂಬುದು ಲೆಕ್ಕಾಚಾರ. ಸುಮಾರು ಆರು ಗಂಟೆಗಳಲ್ಲಿ ಹಾಗೆಯೇ ಆಯಿತು. ಹೊಸ ಕವಲಿನ 24 ಬ್ಲಾಕುಗಳು ರದ್ದಾದವು. ಆಗ ಬ್ಲಾಕಿಗೆ 25 ಬಿಟ್‌ಕಾಯಿನ್ ಪ್ರತಿಫಲವಿದ್ದುದರಿಂದ, ಮೈನರ್‌ಗಳು ಗಳಿಸಿದೆವೆಂದುಕೊಂಡ ಸುಮಾರು 600 ಬಿಟ್‌ಕಾಯಿನ್ ಇಲ್ಲದಂತಾಯಿತು. ಆ ಅವಧಿಯಲ್ಲಿ ಸುಮಾರು 10,000 ಡಾಲರ್ ಮೌಲ್ಯದ ಒಂದು ಪಾವತಿಯನ್ನು ಒಬ್ಬರು ಎರಡು ಕವಲುಗಳಲ್ಲಿ ಎರಡು ಕಡೆಗೆ ಖರ್ಚು ಮಾಡಿದರು. ಹಣ ಬಂದಿತೆಂದು ದೃಢಪಟ್ಟ ಮೇಲೆ ಆ ದೃಢೀಕರಣವೇ ಮಾಯವಾಯಿತು. ಸಾಧ್ಯವೇ ಎಂದು ನೋಡಲು ಮಾಡಿದ ಪ್ರಯೋಗವದು, ದುರುದ್ದೇಶವಿರಲಿಲ್ಲವೆಂದು ನಂತರದ ವರದಿ ಹೇಳುತ್ತದೆ. ಸರಕು ಸಾಗಿಸಿ ಕುಳಿತ ವ್ಯಾಪಾರಿಗೆ ಮಾತ್ರ ಉದ್ದೇಶ ಯಾವುದಾದರೂ ನಷ್ಟ ಒಂದೇ.

ನಮ್ಮಲ್ಲಿಯೂ ಇಂಥದೇ

ಇದೇನೋ ದೂರದ ಕಥೆಯೆಂದು ಕೈಬಿಡುವ ಮುನ್ನ ಒಂದು ಮಾತು. ನನ್ನ ಪರಿಚಯದ, ಯಂತ್ರದ ಬಿಡಿಭಾಗ ತಯಾರಿಸುವ ಸಣ್ಣ ಉದ್ಯಮಿಯೊಬ್ಬರು ಕೆಲವು ವರ್ಷಗಳ ಹಿಂದೆ ಬಿಲ್ಲಿಂಗ್ ತಂತ್ರಾಂಶದ ಹೊಸ ಆವೃತ್ತಿಯನ್ನು ಹಾಕಿಸಿಕೊಂಡರು. ‘ಒಳಗಿನ ದತ್ತಸಂಚಯ ಮಾತ್ರ ಬದಲಾಗಿದೆ, ನಿಮಗೇನೂ ತಿಳಿಯುವುದಿಲ್ಲ’ ಎಂದು ಹಾಕಿಕೊಟ್ಟವರು ಹೇಳಿದ್ದರು. ಎರಡು ತಿಂಗಳ ನಂತರ ದೊಡ್ಡ ಗಿರಾಕಿಯೊಬ್ಬರು ಬಿಲ್ಲುಗಳನ್ನು ತಡೆಹಿಡಿದರು. ಜಿಎಸ್‌ಟಿ ಮೊತ್ತದಲ್ಲಿ ಬಿಲ್ಲಿಗೆ ಒಂದು ರೂಪಾಯಿ, ಎರಡು ರೂಪಾಯಿ ವ್ಯತ್ಯಾಸ. ಹಳೆಯ ದತ್ತಸಂಚಯವು ಪ್ರತಿ ಸಾಲಿನಲ್ಲಿಯೂ ಪೈಸೆಗಳನ್ನು ಪೂರ್ಣಗೊಳಿಸಿ ಇಡುತ್ತಿತ್ತು. ಹೊಸದು ಒಟ್ಟು ಮೊತ್ತದಲ್ಲಿ ಮಾತ್ರ. ಪೂರ್ಣಗೊಳಿಸುವ ಕ್ರಮವು ತೆರಿಗೆ ಲೆಕ್ಕದ ಭಾಗದಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಅದು ಸಂಗ್ರಹದ ಗುಣವಾಗಿತ್ತು. ಪುಟಗಟ್ಟಲೆ ಬಿಲ್ಲುಗಳನ್ನು ಮತ್ತೆ ತಾಳೆ ನೋಡುವ ಕೆಲಸ ಅವರ ಪಾಲಿಗೆ ಬಂದಿತು.

ಒಂದೇ ಮನೆಯಲ್ಲಿ ಕೀಲಿಯೂ ಬೀದಿಬಾಗಿಲೂ

ಬೇರ್ಪಡೆ ಇಲ್ಲದಿದ್ದರೆ ಬರುವ ಇನ್ನೊಂದು ಅಪಾಯ ಕಳ್ಳತನದ್ದು. ನೋಡ್ ಎಂಬುದು ಅಪರಿಚಿತರೊಡನೆ ದಿನವಿಡೀ ಮಾತನಾಡುವ ಭಾಗ. ಗುಪ್ತ ಕೀಲಿಗಳೂ ಅದೇ ಪ್ರೋಗ್ರಾಮಿನ ಸ್ಮೃತಿಯಲ್ಲಿ ಇದ್ದರೆ, ಬೀದಿಗೆ ತೆರೆದ ಜಗುಲಿಯಲ್ಲಿ ತಿಜೋರಿ ಇಟ್ಟಂತೆ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಸಂಗ್ರಹದಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಬಯಲಾಯಿತು. ದೂರದಲ್ಲಿದ್ದವರು ಗಣಕದ ಸ್ಮೃತಿಯ ತುಣುಕುಗಳನ್ನು ಓದಬಹುದಾಗಿತ್ತು. ಬಿಟ್‌ಕಾಯಿನ್ ಕೋರ್‌ನ ಪರದೆಯ ಭಾಗವು ಪಾವತಿ ಕೋರಿಕೆಗಳನ್ನು ಜಾಲದಿಂದ ತರಲು ಇದೇ ಸಂಗ್ರಹವನ್ನು ಬಳಸುತ್ತಿತ್ತು. ಪರದೆಯ ಅನುಕೂಲಕ್ಕೆಂದು ಸೇರಿಸಿದ ಸೌಲಭ್ಯವು ವಾಲೆಟ್ಟಿನ ಕೀಲಿಗಳಿಗೆ ಅಪಾಯ ತಂದೊಡ್ಡಿತು, ಅವಸರದಲ್ಲಿ 0.9.1 ಆವೃತ್ತಿಯನ್ನು ಹೊರತರಬೇಕಾಯಿತು.

ಅದೇ ಸಂಗ್ರಹವು ಸಹಿಗಳನ್ನು ಪರೀಕ್ಷಿಸುವ ಕೆಲಸವನ್ನೂ ಮಾಡುತ್ತಿತ್ತು. 2015ರ ಜನವರಿಯಲ್ಲಿ ಓಪನ್‌ಎಸ್‌ಎಸ್‌ಎಲ್ ತನ್ನ ಹೊಸ ಆವೃತ್ತಿಯಲ್ಲಿ ಸಹಿಯ ಬರವಣಿಗೆಯ ರೂಪವನ್ನು ಬಿಗಿಗೊಳಿಸಿತು. ಅವರ ದೃಷ್ಟಿಯಲ್ಲಿ ಅದು ಸುಧಾರಣೆ. ಬಿಟ್‌ಕಾಯಿನ್ನಿನ ದೃಷ್ಟಿಯಲ್ಲಿ ಮತ್ತೊಂದು ಕವಲಿನ ಬೀಜ. ಯಾವ ರೂಪದ ಸಹಿ ಸಿಂಧು ಎಂಬುದನ್ನು ಹೊರಗಿನವರ ಇಷ್ಟಕ್ಕೆ ಬಿಡದೆ ತಮ್ಮದೇ ನಿಯಮದಲ್ಲಿ ಬರೆಯಲಾಯಿತು. ಆ ನಿಯಮವು 2015ರ ಜುಲೈನಲ್ಲಿ ಜಾರಿಗೆ ಬಂದಿತು. ಸಹಿಗಾಗಿಯೇ ತಾವೇ ಬರೆದ ಪ್ರತ್ಯೇಕ ಸಂಗ್ರಹವನ್ನು ಮೊದಲು ಸಹಿ ಹಾಕಲು, 2016ರ ಫೆಬ್ರವರಿಯ 0.12 ಆವೃತ್ತಿಯಿಂದ ಸಹಿ ಪರೀಕ್ಷಿಸಲು ಬಳಸತೊಡಗಿದರು. ಈ ಬದಲಿ ಸಂಗ್ರಹವನ್ನು ಹಳೆಯದರೊಡನೆ ತಾಳೆ ನೋಡುತ್ತಿದ್ದಾಗ, ಓಪನ್‌ಎಸ್‌ಎಸ್‌ಎಲ್ ಅಪರೂಪಕ್ಕೊಮ್ಮೆ ದೊಡ್ಡ ಸಂಖ್ಯೆಗಳ ವರ್ಗವನ್ನು ತಪ್ಪಾಗಿ ಲೆಕ್ಕ ಹಾಕುತ್ತಿದ್ದುದು ಪತ್ತೆಯಾಯಿತು! ಇಬ್ಬರು ಗುಮಾಸ್ತರಿಂದ ಒಂದೇ ಲೆಕ್ಕ ಮಾಡಿಸಿದರೆ ಆಗುವ ಲಾಭವಿದು. ಇಬ್ಬರೂ ಒಂದೇ ಕುರ್ಚಿಗೆ ಹೊಂದುವಂತಿದ್ದರೆ ಮಾತ್ರ ಹೀಗೆ ಹೋಲಿಸಲು ಸಾಧ್ಯ.

ಇಂಟರ್‌ಫೇಸ್ ಎಂದರೇನು?

ಆ ಕುರ್ಚಿಗೇ ಇಂಟರ್‌ಫೇಸ್ ಎಂದು ಹೆಸರು. ಒಂದು ಭಾಗವು ಇನ್ನೊಂದನ್ನು ಯಾವ ಪ್ರಶ್ನೆಗಳನ್ನು ಕೇಳಬಹುದು, ಉತ್ತರ ಯಾವ ರೂಪದಲ್ಲಿ ಬರಬೇಕು ಎಂಬ ಲಿಖಿತ ಪಟ್ಟಿಯದು. ಪಟ್ಟಿಯಲ್ಲಿ ಇಲ್ಲದ್ದನ್ನು ಕೇಳುವಂತಿಲ್ಲ. ಒಳಗೆ ಕೈಹಾಕಿ ತಾನೇ ತೆಗೆದುಕೊಳ್ಳುವಂತೆಯೂ ಇಲ್ಲ.

ಬಿಟ್‌ಕಾಯಿನ್ ಕೋರ್‌ನಲ್ಲಿ ಈ ಕೆಲಸ 2017ರಲ್ಲಿ ಆರಂಭವಾಗಿ, 2018ರಲ್ಲಿ ಪರದೆಯ ಭಾಗವನ್ನೂ 2019ರಲ್ಲಿ ವಾಲೆಟ್ಟನ್ನೂ ನೋಡ್‌ನಿಂದ ಬೇರ್ಪಡಿಸುವ ಹಂತ ತಲುಪಿತು. ಇಂಟರ್‌ಫೇಸ್‌ಗಳಿಗೆಂದೇ ಪ್ರತ್ಯೇಕ ವಿಭಾಗ ತೆರೆಯಲಾಯಿತು. ಅಲ್ಲಿ ‘ಚೈನ್’ ಎಂಬುದು ವಾಲೆಟ್ ನೋಡನ್ನು ಕೇಳಬಹುದಾದ ಪ್ರಶ್ನೆಗಳ ಪಟ್ಟಿ. ‘ನೋಡ್’ ಎಂಬುದು ಪರದೆಯ ಭಾಗವು ನೋಡನ್ನು ನಡೆಸಲು ಬಳಸುವ ಪಟ್ಟಿ. ‘ವಾಲೆಟ್’ ಎಂಬುದು ಪರದೆಯು ಒಂದೊಂದು ವಾಲೆಟ್ಟನ್ನು ನಡೆಸುವುದಕ್ಕೆ. ಹೊಸ ಬ್ಲಾಕಿನ ಕರಡನ್ನು ಕೇಳಿ ಪಡೆಯಲು ‘ಮೈನಿಂಗ್’ ಎಂಬುದು ನಂತರ ಸೇರಿತು.

ಚೈನ್ ಪಟ್ಟಿಯ ವಿವರಗಳನ್ನು ನೋಡಿದರೆ ವ್ಯಾಪಾರಿಗೆ ಬೇಕಾದುದೇ ಅಲ್ಲಿದೆ. ಕಿರ್ದಿ ಈಗ ಎಷ್ಟನೆಯ ಪುಟದಲ್ಲಿದೆ? ಈ ಗುರುತಿನ ಪುಟ ಇದೆಯೇ? ಬೇಗ ದಾಖಲಾಗಬೇಕಾದರೆ ಶುಲ್ಕ ಎಷ್ಟಾದೀತು? ಈ ಪಾವತಿಯನ್ನು ಜಾಲಕ್ಕೆ ಕಳುಹಿಸು. ಇವಲ್ಲದೆ ನೋಡ್ ತಾನಾಗಿಯೇ ವಾಲೆಟ್ಟಿಗೆ ತಿಳಿಸಬೇಕಾದ ಸುದ್ದಿಗಳೂ ಪಟ್ಟಿಯಲ್ಲಿವೆ: ಹೊಸ ಪುಟ ಸೇರಿತು ಎಂಬುದೊಂದು, ಸೇರಿದ್ದ ಪುಟ ಕಳಚಿತು ಎಂಬುದು ಇನ್ನೊಂದು. ಈ ಎರಡನೆಯದು ಎಷ್ಟು ಮುಖ್ಯವೆಂಬುದು 2013ರ ಮಾರ್ಚ್ ಘಟನೆಯಲ್ಲಿ ಹಣ ಕಾದು ಕುಳಿತಿದ್ದವರಿಗೆ ಚೆನ್ನಾಗಿ ತಿಳಿದಿತ್ತು. ಜಮೆಯ ಸುದ್ದಿಯನ್ನು ಮಾತ್ರ ತಂದು, ಚೆಕ್ ವಾಪಸಾದ ಸುದ್ದಿಯನ್ನು ತಾರದ ಗುಮಾಸ್ತನನ್ನು ಯಾರು ತಾನೆ ಇಟ್ಟುಕೊಂಡಾರು?

ಈ ಪಟ್ಟಿಗಳನ್ನು ಬರೆಯುವುದಕ್ಕೂ ಯೋಜನೆಯ ಕೈಪಿಡಿಯಲ್ಲಿ ನಿಯಮಗಳಿವೆ. ಅವುಗಳಲ್ಲಿ ಒಂದು ನನಗೆ ಬಹಳ ಹಿಡಿಸಿತು: ಇಂಟರ್‌ಫೇಸ್ ಸ್ವತಃ ಯಾವ ಹೊಸ ಕೆಲಸವನ್ನೂ ಮಾಡಬಾರದು, ಈಗಾಗಲೇ ಇರುವ ಕೆಲಸಕ್ಕೆ ಬಾಗಿಲಾಗಿ ಮಾತ್ರ ನಿಲ್ಲಬೇಕು. ಹೊಸ ಸೌಲಭ್ಯ ಬೇಕಾದರೆ ಅದನ್ನು ನೋಡ್‌ನಲ್ಲಿಯೋ ವಾಲೆಟ್ಟಿನಲ್ಲಿಯೋ ಬರೆದು, ಅಲ್ಲಿಯೇ ಪರೀಕ್ಷಿಸಿ, ಅನಂತರ ಬಾಗಿಲಲ್ಲಿ ತೋರಿಸಬೇಕು. ಬಾಗಿಲು ಕಾಯುವವನೇ ವ್ಯಾಪಾರಕ್ಕಿಳಿದರೆ ಏನಾಗುವುದೆಂದು ನಮ್ಮ ಸದಸ್ಯರಿಗೆ ವಿವರಿಸಬೇಕಾಗಿಲ್ಲ.

ಗೋಡೆ ಕಟ್ಟಿದ ಮಾತ್ರಕ್ಕೆ ಬೇರ್ಪಡೆ ಆಗುವುದಿಲ್ಲ ಎಂಬುದಕ್ಕೂ ಇದೇ ಯೋಜನೆಯಲ್ಲಿ ಸಾಕ್ಷಿಯಿದೆ. ಮೊದಲು ಬರೆದ ಚೈನ್ ಪಟ್ಟಿಯಲ್ಲಿ ‘ಇಡೀ ಕಿರ್ದಿಗೆ ಬೀಗ ಹಾಕು’ ಎಂಬ ಕೋರಿಕೆಯೂ ಸೇರಿತ್ತು. ಹಳೆಯ ರಚನೆಯಲ್ಲಿ ವಾಲೆಟ್ ಲೆಕ್ಕ ನೋಡುವಾಗಲೆಲ್ಲ ನೋಡ್‌ನ ಕೆಲಸವನ್ನು ನಿಲ್ಲಿಸಿ ನೋಡುತ್ತಿದ್ದುದರಿಂದ, ಆ ಅಭ್ಯಾಸವನ್ನು ಒಮ್ಮೆಲೇ ಬಿಡಿಸಲಾಗಲಿಲ್ಲ. ಕಾಗದದ ಮೇಲೆ ಎರಡು ವಿಭಾಗ. ನಿಜದಲ್ಲಿ ಒಬ್ಬನು ಪುಸ್ತಕ ಹಿಡಿದರೆ ಇನ್ನೊಬ್ಬನ ಕೈ ಕಟ್ಟಿದಂತೆ. ವಾಲೆಟ್ ತನಗೆ ತಿಳಿದ ಕೊನೆಯ ಪುಟವನ್ನು ತಾನೇ ಗುರುತಿಟ್ಟುಕೊಳ್ಳುವಂತೆ ತಿದ್ದಿ, ಆ ಕೋರಿಕೆಯನ್ನು ಪಟ್ಟಿಯಿಂದ ತೆಗೆದದ್ದು 2020ರಲ್ಲಿ. ನನ್ನ ಅಭಿಪ್ರಾಯದಲ್ಲಿ ನಿಜವಾದ ಬೇರ್ಪಡೆ ಆ ದಿನ ಆಯಿತು.

ಮುಂದಿನ ಹೆಜ್ಜೆ, ಅದರ ಖರ್ಚು

ಪಟ್ಟಿ ಶುದ್ಧವಾದ ಮೇಲೆ ಎರಡು ಭಾಗಗಳನ್ನು ಬೇರೆ ಬೇರೆ ಪ್ರಕ್ರಿಯೆಗಳಾಗಿ ನಡೆಸಬಹುದು. ಆಗ ನೋಡ್‌ಗೆ ಏನೇ ಆದರೂ ಕೀಲಿಗಳಿರುವ ಸ್ಮೃತಿ ಅದರ ಕೈಗೆ ಎಟಕುವುದಿಲ್ಲ. 2025ರ ಅಕ್ಟೋಬರ್‌ನಲ್ಲಿ ಬಂದ 30.0 ಆವೃತ್ತಿಯಲ್ಲಿ ಮೈನಿಂಗ್ ಇಂಟರ್‌ಫೇಸ್ ಈ ರೀತಿ ಹೊರಗಿನ ಪ್ರಕ್ರಿಯೆಗಳಿಗೆ ಪ್ರಾಯೋಗಿಕವಾಗಿ ತೆರೆಯಿತು. ವಾಲೆಟ್ಟನ್ನು ಪೂರ್ತಿಯಾಗಿ ಬೇರೆ ಪ್ರಕ್ರಿಯೆಯಾಗಿಸುವ ಕೆಲಸ ಆ ಆವೃತ್ತಿಯಲ್ಲಿಯೂ ಮುಗಿದಿರಲಿಲ್ಲ. ಎಂಟು ವರ್ಷ ಹಿಡಿದರೂ ಮುಗಿಯದ ಕೆಲಸವೆಂದರೆ ಆಶ್ಚರ್ಯವಾಗಬಹುದು. ಓಡುತ್ತಿರುವ ಗಿರಣಿಯ ಯಂತ್ರಗಳನ್ನು ನಿಲ್ಲಿಸದೆ ಜಾಗ ಬದಲಾಯಿಸುವ ಕೆಲಸವಿದು. ಬಳಸುವವರ ಕಣ್ಣಿಗೆ ಯಾವ ಹೊಸ ಸೌಲಭ್ಯವೂ ಕಾಣುವುದಿಲ್ಲ, ಪ್ರತಿ ತಿದ್ದುಪಡಿಯಲ್ಲಿಯೂ ಹೊಸ ತಪ್ಪು ನುಸುಳುವ ಭಯ ಇದ್ದೇ ಇರುತ್ತದೆ. ಇಷ್ಟು ಖರ್ಚು ಎಲ್ಲ ತಂತ್ರಾಂಶಕ್ಕೂ ತಕ್ಕುದಲ್ಲ. ಐದು ಜನರ ಕಾರ್ಖಾನೆಯ ಹಾಜರಿ ತಂತ್ರಾಂಶಕ್ಕೆ ಯಾರೂ ಇದನ್ನು ಕೇಳಬೇಕಾಗಿಲ್ಲ.

ಹಣ ಮತ್ತು ಸಹಿ ಇರುವಲ್ಲಿ ಮಾತ್ರ ಕೇಳಲೇಬೇಕು. ಕಂಪನಿ ಕಾಗದಪತ್ರಗಳಿಗೆ ನಾವು ಬಳಸುವ ಡಿಜಿಟಲ್ ಸಹಿಯ ಟೋಕನ್ನನ್ನು ನೋಡಿ. ಗುಪ್ತ ಕೀಲಿ ಆ ಪುಟ್ಟ ಸಾಧನದೊಳಗೇ ಇರುತ್ತದೆ. ಗಣಕವು ಕಾಗದವನ್ನು ಕೊಟ್ಟು ಸಹಿಯನ್ನು ಪಡೆಯುತ್ತದೆ, ಕೀಲಿಯನ್ನಲ್ಲ. ಇದು ಇಂಟರ್‌ಫೇಸ್‌ನ ಉತ್ತಮ ನಿದರ್ಶನ. ಆದರೆ ಟೋಕನ್ನನ್ನು ಗಣಕಕ್ಕೆ ಸದಾ ಚುಚ್ಚಿಟ್ಟು, ಅದರ ಪಾಸ್‌ವರ್ಡನ್ನು ಪರದೆಯ ಅಂಚಿಗೆ ಅಂಟಿಸಿರುವ ಕಚೇರಿಗಳನ್ನು ನಾನು ಕಂಡಿದ್ದೇನೆ. ಬಿಲ್ಲಿಂಗ್ ಅಥವಾ ದಾಸ್ತಾನು ತಂತ್ರಾಂಶ ಮಾಡಿಸುವ ಸದಸ್ಯರು ತಯಾರಕರನ್ನು ಕೇಳಬೇಕಾದ ಪ್ರಶ್ನೆಗಳು ಇದರಿಂದಲೇ ಹುಟ್ಟುತ್ತವೆ. ದತ್ತಸಂಚಯವನ್ನು ಬದಲಾಯಿಸಿದರೆ ತೆರಿಗೆ ಲೆಕ್ಕದ ಭಾಗದಲ್ಲಿ ಏನನ್ನು ಮುಟ್ಟಬೇಕಾಗುತ್ತದೆ? ಪೈಸೆ ಪೂರ್ಣಗೊಳಿಸುವ ಕ್ರಮ ಎಲ್ಲಿ ಬರೆದಿದೆ? ಬ್ಯಾಂಕಿನ ಪಾಸ್‌ವರ್ಡು, ಸಹಿ ಇವು ಅಂತರಜಾಲಕ್ಕೆ ತೆರೆದ ಭಾಗದ ಕೈಗೆ ಸಿಗುತ್ತವೆಯೇ? ಹೊಸ ಆವೃತ್ತಿ ಹಾಕುವ ಮೊದಲು ಹಿಂದಿನ ಮೂರು ತಿಂಗಳ ಬಿಲ್ಲುಗಳನ್ನು ಎರಡರಲ್ಲಿಯೂ ಓಡಿಸಿ ತಾಳೆ ತೋರಿಸುವಿರಾ? ಕೊನೆಯ ಪ್ರಶ್ನೆಗೆ ‘ಅದು ಆಗದು’ ಎಂಬ ಉತ್ತರ ಬಂದರೆ ಕಾರಣವನ್ನು ಲಿಖಿತವಾಗಿ ಪಡೆಯುವುದು ಒಳ್ಳೆಯದು.

ಬರ್ಕ್ಲಿ ಡಿಬಿಯ ಕಥೆ ಮುಗಿದ ಬಗೆಯನ್ನೂ ಹೇಳಬೇಕು. ಕಿರ್ದಿಯಿಂದ ಅದು 2013ರಲ್ಲಿ ಹೋದರೂ ವಾಲೆಟ್ ಕಡತಗಳಲ್ಲಿ ಉಳಿದೇ ಇತ್ತು. 2021ರ ಜನವರಿಯ 0.21 ಆವೃತ್ತಿಯಲ್ಲಿ ಎಸ್‌ಕ್ಯೂಲೈಟ್ ಎಂಬ ಸಂಗ್ರಹವನ್ನು ಪರ್ಯಾಯವಾಗಿ ಇಟ್ಟರು. ಎರಡೂ ಹಲವು ವರ್ಷ ಜೊತೆಜೊತೆಯಾಗಿ ನಡೆದವು. 30.0 ಆವೃತ್ತಿಯಿಂದ ಹಳೆಯ ಬಗೆಯ ವಾಲೆಟ್ಟನ್ನು ನೇರವಾಗಿ ತೆರೆಯುವಂತಿಲ್ಲ. ಹೊಸ ರೂಪಕ್ಕೆ ವರ್ಗಾಯಿಸಬೇಕು. ಈ ಬಾರಿ ಯಾವ ಕವಲೂ ಒಡೆಯಲಿಲ್ಲ. ಹಳೆಯ ವಾಲೆಟ್ ಕಡತ ಯಾರ ಬಳಿಯಾದರೂ ಇದ್ದರೆ, ವರ್ಗಾವಣೆಗೆ ಕೈಹಾಕುವ ಮೊದಲು ಅದರ ಪ್ರತಿಯೊಂದನ್ನು ಬೇರೆ ಸಾಧನದಲ್ಲಿ ತೆಗೆದಿಟ್ಟು, ಆ ಪ್ರತಿ ಸರಿಯಾಗಿ ತೆರೆಯುತ್ತದೆಯೇ ಎಂದು ನೋಡಿಕೊಳ್ಳತಕ್ಕದ್ದು.